ನಸುಕಿಗೂ ಮೊದಲು: ಮಂಗಗಳ ಮೈಯೊಳಗಿನ ಗಡಿಯಾರದ ಚರಿತ್ರೆ

ಕೊಪ್ಪಳ ಜಿಲ್ಲೆಯ ಹುಲಿಹೈದರ ಮೊದಲು ಗಂಗಾವತಿ ತಾಲ್ಲೂಕಿನಲ್ಲಿತ್ತು; ಈಗ ಕನಕಗಿರಿ ತಾಲ್ಲೂಕಿಗೆ ಸೇರಿದೆ. ಈ ಸೀಮೆಯಲ್ಲಿ ನಸುಕಿನ ಬಸ್ಸಿಗೆಂದು ಹೊರಟು ಹುಣಸೆಮರದ ಕೆಳಗೆ ನಿಂತವರಿಗೆ ಒಂದು ಅನುಭವ ಆಗಿರುತ್ತದೆ. ಇನ್ನೂ ಕತ್ತಲೆ. ಎದುರಿಗಿದ್ದವರ ಮುಖ ಕಾಣುವಷ್ಟೂ ಬೆಳಕಿಲ್ಲ. ಆದರೆ ಮೇಲೆ ಒಂದು ಟೊಂಗೆ ಅಲುಗುತ್ತದೆ, ಒಂದು ಮರಿ ಕಿರುಗುಟ್ಟುತ್ತದೆ, ಹುಣಸೆಯ ಸಿಪ್ಪೆಯೊಂದು ಹೆಗಲ ಮೇಲೆ ಬೀಳುತ್ತದೆ. ಮಂಗಗಳು ಎದ್ದಿವೆ. ಅವನ್ನು ಎಬ್ಬಿಸುವುದು ಸೂರ್ಯ ಎಂದು ನಾವು ತಿಳಿದಿರುತ್ತೇವೆ. ಸೂರ್ಯ ಇನ್ನೂ ಬಂದೇ ಇರುವುದಿಲ್ಲ.

ಎಬ್ಬಿಸುವ ಕೆಲಸ ಬಹಳ ಮುಂಚೆಯೇ ಮೈಯೊಳಗೆ ಶುರುವಾಗಿರುತ್ತದೆ. ರಾತ್ರಿ ಎರಡನೆಯ ಅರ್ಧಕ್ಕೆ ಹೊರಳಿದ ಮೇಲೆ ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಒಂದು ಸಂದೇಶ ಕಳಿಸುತ್ತದೆ. ಅದು ಪಿಟ್ಯುಟರಿ ಗ್ರಂಥಿಗೆ ಮುಟ್ಟಿ, ಅಲ್ಲಿಂದ ಇನ್ನೊಂದು ಸಂದೇಶ ರಕ್ತದಲ್ಲಿ ಹರಿದು, ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳನ್ನು ತಲುಪುತ್ತದೆ. ಆ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸುರಿಸುತ್ತವೆ. ಪಿತ್ತಜನಕಾಂಗದಿಂದ ಸಕ್ಕರೆ ಹೊರಬರುತ್ತದೆ, ರಕ್ತದ ಒತ್ತಡ ಹದಕ್ಕೆ ಬರುತ್ತದೆ, ದಿನದ ಓಡಾಟಕ್ಕೆ ಮೈ ಅಣಿಯಾಗುತ್ತದೆ. ಏಳುವ ಹೊತ್ತಿಗೆ ಕಾರ್ಟಿಸಾಲ್ ತುದಿ ಮುಟ್ಟಿರುತ್ತದೆ. ಮಧ್ಯಾಹ್ನ, ಸಂಜೆ ಎಂದು ಇಳಿಯುತ್ತ ಹೋಗಿ ನಡುರಾತ್ರಿಯ ಆಸುಪಾಸಿನಲ್ಲಿ ತಳ ಕಾಣುತ್ತದೆ. ಮತ್ತೆ ಏರುತ್ತದೆ. ಮಂಗನಲ್ಲೂ ಹೀಗೆ, ಬಬೂನಿನಲ್ಲೂ ಹೀಗೆ, ಬಸ್ಸಿಗೆ ಕಾಯುತ್ತ ನಿಂತ ನಮ್ಮಲ್ಲೂ ಹೀಗೆಯೇ.

ಈ ಕಾರ್ಟಿಸಾಲನ್ನು ಪತ್ರಿಕೆಗಳು 'ಒತ್ತಡದ ಹಾರ್ಮೋನ್' ಎಂದು ಕರೆಯುತ್ತವೆ. ಹೆಸರು ಸುಳ್ಳಲ್ಲ, ಹೆದರಿದಾಗ, ಜಗಳವಾದಾಗ, ಗಾಯವಾದಾಗ ಅದು ಏರುತ್ತದೆ. ಆದರೆ ಅರ್ಧ ಮಾತ್ರ ನಿಜ. ಯಾವ ಹೆದರಿಕೆಯೂ ಇಲ್ಲದ ದಿನವೂ, ಬೆಳಗಾಗುತ್ತದೆ ಎಂಬ ಒಂದೇ ಕಾರಣಕ್ಕೆ ಅದು ಏರುತ್ತದೆ. ಹಾಗೆ ನೋಡಿದರೆ ಅದು ಒತ್ತಡದ ಹಾರ್ಮೋನ್ ಆಗುವುದಕ್ಕಿಂತ ಮೊದಲು ನಿರೀಕ್ಷೆಯ ಹಾರ್ಮೋನ್. ನಾಳೆ ಬರುತ್ತದೆ ಎಂದು ಮೈ ಇಟ್ಟುಕೊಂಡ ನಂಬಿಕೆಯ ಲೆಕ್ಕ. ಈ ಮಾತನ್ನು ವಿಜ್ಞಾನ ಕಂಡುಕೊಂಡದ್ದು ಒಂದೇ ದಿನದಲ್ಲಲ್ಲ. ಆ ದಾರಿಯ ಬಹುಪಾಲು ನಡೆದದ್ದು ಮಂಗಗಳ ಮೈಮೇಲೆ. ಅವುಗಳಲ್ಲಿ ಹೆಚ್ಚಿನವು ಭಾರತದಿಂದ ಹೋದವು. ಒಂದು ಜಾತಿಯಂತೂ ನಮ್ಮ ಅಂಗಳದ್ದೇ.

*

1936ರಲ್ಲಿ ಮಾಂಟ್ರಿಯಲ್‌ನ ಹಾನ್ಸ್ ಸೆಲ್ಯೆ 'ನೇಚರ್' ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದರು. ಇಲಿಗಳಿಗೆ ಚಳಿ ಹಿಡಿಸಿದರೂ, ಗಾಯ ಮಾಡಿದರೂ, ಅತಿಯಾಗಿ ದಣಿಸಿದರೂ, ವಿಷ ಕೊಟ್ಟರೂ ಮೈ ಒಂದೇ ಬಗೆಯಲ್ಲಿ ಉತ್ತರ ಕೊಡುತ್ತದೆ. ಅದರ ಒಂದು ಗುರುತು ಅಡ್ರಿನಲ್ ಗ್ರಂಥಿ ಊದಿಕೊಳ್ಳುವುದು ಎಂಬುದು ಅದರ ಸಾರ. 'ಒತ್ತಡ' ಎಂಬ ಮಾತು ಇಪ್ಪತ್ತನೆಯ ಶತಮಾನದ ಮನೆಮಾತಾದದ್ದು ಅಲ್ಲಿಂದ ಮುಂದೆ. ಸೆಲ್ಯೆ ಕೇಳಿದ ಪ್ರಶ್ನೆ, ಏನಾದರೆ ಈ ಗ್ರಂಥಿ ಕೆರಳುತ್ತದೆ ಎಂಬುದು. ಏನೂ ಆಗದಿದ್ದಾಗ ಅದು ಏನು ಮಾಡುತ್ತಿರುತ್ತದೆ ಎಂಬ ಪ್ರಶ್ನೆ ಬೇರೆ ಕಡೆಯಿಂದ ಬಂತು.

1943ರಲ್ಲಿ ಅಮೆರಿಕದ ಗ್ರೆಗರಿ ಪಿಂಕಸ್ ಆರೋಗ್ಯವಂತ ಯುವಕರ ಮೂತ್ರವನ್ನು ಹೊತ್ತುಹೊತ್ತಿಗೆ ಸಂಗ್ರಹಿಸಿ ನೋಡಿದರು. ಅಡ್ರಿನಲ್ ಗ್ರಂಥಿಯೂ ಪಾಲು ಕೊಡುವ ಕೀಟೋಸ್ಟಿರಾಯ್ಡ್ ಎಂಬ ಪದಾರ್ಥಗಳು ರಾತ್ರಿ ಕಡಿಮೆ, ಬೆಳಿಗ್ಗೆ ಹೆಚ್ಚು. ಮುಂದೆ ಗರ್ಭನಿರೋಧಕ ಗುಳಿಗೆಯಿಂದ ಹೆಸರಾದವರೇ ಈ ಪಿಂಕಸ್. 1959ರಲ್ಲಿ ಫ್ರಾನ್ಜ್ ಹಾಲ್ಬರ್ಗ್ ಇಂಥ ಏರಿಳಿತಗಳಿಗೆಲ್ಲ ಲ್ಯಾಟಿನ್ನಿನಿಂದ 'ಸರ್ಕೇಡಿಯನ್' ಎಂಬ ಹೆಸರು ಕಟ್ಟಿದರು. 'ಹೆಚ್ಚುಕಡಿಮೆ ಒಂದು ದಿನ' ಎಂದು ಅದರ ಅರ್ಥ.

ಆ ಗಡಿಯಾರ ಮೈಯಲ್ಲಿ ಎಲ್ಲಿದೆ? 1972ರಲ್ಲಿ ರಾಬರ್ಟ್ ಮೂರ್ ಮತ್ತು ವಿಕ್ಟರ್ ಐಕ್ಲರ್ ಇಲಿಗಳ ಮಿದುಳಿನಲ್ಲಿ, ಕಣ್ಣಿನ ನರಗಳು ಅಡ್ಡಹಾಯುವ ಜಾಗದ ಮೇಲಿನ ಒಂದು ಚಿಕ್ಕ ಜೀವಕೋಶ ಗುಂಪನ್ನು ಕೆಡಿಸಿದರು. ಇಲಿ ಬದುಕಿತು. ಆದರೆ ಅದರ ಅಡ್ರಿನಲ್ ಹಾರ್ಮೋನಿನ ದೈನಿಕ ಲಯ ಅಳಿಸಿಹೋಯಿತು. ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಎಂದು ಇಂದು ಪಠ್ಯಪುಸ್ತಕಗಳಲ್ಲಿ ಕಾಣುವ ಜೈವಿಕ ಗಡಿಯಾರದ ಕೇಂದ್ರಕ್ಕೆ ಸಿಕ್ಕ ಮೊದಲ ಸಾಕ್ಷ್ಯಗಳಲ್ಲಿ ಇದೊಂದು. ಗಡಿಯಾರವನ್ನು ತೋರಿಸಿಕೊಟ್ಟದ್ದು ಒತ್ತಡದ ಹಾರ್ಮೋನೇ ಎಂಬುದನ್ನು ಗಮನಿಸಬೇಕು.

ಇಲಿಗೆ ಒಂದು ತೊಡಕಿದೆ. ಅದು ನಿಶಾಚರಿ. ಅದರ ಏರು ಸಂಜೆಗೆ, ಇಳಿತ ಬೆಳಿಗ್ಗೆ. ಹಗಲು ದುಡಿದು ರಾತ್ರಿ ಮಲಗುವ ನಮ್ಮ ಕಥೆ ತಿಳಿಯಬೇಕಾದರೆ ನಮ್ಮ ಹಾಗೆ ಬದುಕುವ ಪ್ರಾಣಿ ಬೇಕು. ಹೀಗಾಗಿ ಮಂಗನ ಮೇಲೆ ಕಣ್ಣುಬಿತ್ತು.

*

1950ರ ದಶಕ ಮಂಗಗಳ ಪಾಲಿಗೆ ಕೆಟ್ಟ ಕಾಲ. ಪೋಲಿಯೊ ಲಸಿಕೆಯ ತಯಾರಿಕೆಗೆ ಅವುಗಳ ಮೂತ್ರಪಿಂಡದ ಜೀವಕೋಶ ಬೇಕಾಗಿತ್ತು. ಉತ್ತರ ಭಾರತದ ಊರು, ಕಾಡು, ಗುಡಿಗಳಿಂದ ರೀಸಸ್ ಮಂಗಗಳನ್ನು ಹಿಡಿದು ಪೆಟ್ಟಿಗೆಗಳಲ್ಲಿ ತುಂಬಿ ವಿಮಾನಕ್ಕೆ ಏರಿಸಲಾಯಿತು. ಆ ದಶಕದ ಕೊನೆಗೆ ರಫ್ತು ವರ್ಷಕ್ಕೆ ಒಂದು ಲಕ್ಷವನ್ನು ದಾಟಿತ್ತು. 1978ರಲ್ಲಿ ಭಾರತ ಸರ್ಕಾರ ಅದನ್ನು ಪೂರ್ತಿ ನಿಲ್ಲಿಸುವವರೆಗೂ ಜಗತ್ತಿನ ಪ್ರಯೋಗಾಲಯಗಳ ಮಂಗ ಎಂದರೆ ಬಹುಮಟ್ಟಿಗೆ ಭಾರತದ ಮಂಗ.

ಅಮೆರಿಕದ ಸೇನೆಗೆ ಸೇರಿದ ವಾಲ್ಟರ್ ರೀಡ್ ಸಂಶೋಧನಾ ಸಂಸ್ಥೆಯಲ್ಲಿ ಜಾನ್ ಮೇಸನ್ ಎಂಬ ವಿಜ್ಞಾನಿ ರೀಸಸ್ ಮಂಗಗಳ ರಕ್ತ, ಮೂತ್ರಗಳಲ್ಲಿ ಅಡ್ರಿನಲ್ ಹಾರ್ಮೋನನ್ನು ಅಳೆಯುತ್ತಿದ್ದರು. ಮಂಗವನ್ನು ವಿಶೇಷ ಕುರ್ಚಿಯಲ್ಲಿ ಕೂರಿಸಿ ಅಲುಗಾಡದಂತೆ ಬಂಧಿಸುವುದು ಅಂದಿನ ಪದ್ಧತಿ. ಮೇಸನ್‌ಗೆ ಮೊದಲು ಅರ್ಥವಾದದ್ದು ಅಳತೆಗಾರನ ಮೂಲ ಸಂಕಟ: ಅಳೆಯಲು ಹೋದ ಕೈಯೇ ಅಳತೆಯನ್ನು ಕೆಡಿಸುತ್ತದೆ. ಹೊಸದಾಗಿ ಕುರ್ಚಿಗೆ ಬಂದ ಮಂಗದ ಅಂಕಿ ಮಂಗದ್ದಲ್ಲ, ಕುರ್ಚಿಯದು. ಅದಕ್ಕೆ ಒಗ್ಗಿಕೊಂಡ ಮೇಲೆ ಮಾತ್ರ ಒಳಗಿನ ಲಯ ಕಾಣತೊಡಗುತ್ತದೆ.

ಮಂಗಗಳು ಒಗ್ಗಿಕೊಂಡ ಮೇಲೂ ಒಂದು ವಿಚಿತ್ರ ಉಳಿಯಿತು. ವಾರಾಂತ್ಯದಲ್ಲಿ ಹಾರ್ಮೋನಿನ ಮಟ್ಟ ಇಳಿಯುತ್ತಿತ್ತು. ಕಾರಣ ಹುಡುಕಿದರೆ, ಶನಿವಾರ ಭಾನುವಾರ ಪ್ರಯೋಗಾಲಯದಲ್ಲಿ ಜನ ಕಡಿಮೆ, ಓಡಾಟ ಕಡಿಮೆ, ಪಂಜರದ ಬಾಗಿಲಿನ ಸದ್ದು ಕಡಿಮೆ. ಕೆಲಸದ ದಿನಗಳಲ್ಲಿ ಮತ್ತೆ ಏರಿಕೆ. ಕ್ಯಾಲೆಂಡರ್ ಗೊತ್ತಿಲ್ಲದ ಪ್ರಾಣಿಯ ಮೂತ್ರದಲ್ಲಿ ಭಾನುವಾರ ದಾಖಲಾಗಿತ್ತು. ದಿನದ ಲಯದ ಮೇಲೆ ಮನುಷ್ಯರ ವಾರದ ಲಯವೂ ಕುಳಿತಿತ್ತು.

ಮೇಸನ್ ಅವರ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ಉಪವಾಸ ಕೆಡವಿದರೆ ಮಂಗಗಳ ಹಾರ್ಮೋನ್ ಏರುತ್ತದೆ. ಅಲ್ಲಿಗೆ ಹಸಿವೇ ಒತ್ತಡ ಎಂದು ತೀರ್ಮಾನಿಸಬಹುದಿತ್ತು. ಅವರು ತಡೆದರು. ಅಕ್ಕಪಕ್ಕದ ಪಂಜರಗಳಿಗೆ ಊಟ ಬರುತ್ತದೆ, ಇದಕ್ಕೆ ಮಾತ್ರ ಬರುವುದಿಲ್ಲ. ಹಾಗಾದರೆ ಏರಿಸಿದ್ದು ಖಾಲಿ ಹೊಟ್ಟೆಯೋ, ಎಂದಿನ ಊಟ ಬರಲಿಲ್ಲವೆಂಬ ಕಳವಳವೋ? ಹಣ್ಣಿನ ರುಚಿಯುಳ್ಳ, ಆದರೆ ಸತ್ವ ಏನೂ ಇಲ್ಲದ ಗುಳಿಗೆಗಳನ್ನು ಊಟದ ಹೊತ್ತಿಗೆ ಸರಿಯಾಗಿ ಕೊಟ್ಟು ನೋಡಿದರು. ಹೊಟ್ಟೆಗೆ ಏನೂ ದಕ್ಕಲಿಲ್ಲ. ಆದರೂ ಮೊದಲಿನಂಥ ಏರಿಕೆ ಕಾಣಲಿಲ್ಲ. ಎಲ್ಲ ಕಷ್ಟಕ್ಕೂ ಮೈ ಒಂದೇ ಬಗೆಯಲ್ಲಿ ಉತ್ತರಿಸುತ್ತದೆ ಎಂಬ ಸೆಲ್ಯೆ ಅವರ ಮಾತನ್ನು ಮೇಸನ್ 1971ರಲ್ಲಿ ನೇರವಾಗಿ ಪ್ರಶ್ನಿಸಿದರು. ಕಷ್ಟಕ್ಕಿಂತ, ಕಷ್ಟದ ಬಗ್ಗೆ ಮನಸ್ಸಿಗೆ ಏನು ಗೊತ್ತಿದೆ ಅಥವಾ ಗೊತ್ತಿಲ್ಲ ಎಂಬುದು ದೊಡ್ಡದು ಎಂಬ ವಾದಕ್ಕೆ ಇದರಿಂದ ಬಲ ಬಂತು.

*

ಅತ್ತ ಪ್ರಯೋಗಾಲಯದಲ್ಲಿ ಹೀಗೆ ಅಳೆಯುತ್ತಿದ್ದ ಕಾಲಕ್ಕೆ ಇತ್ತ ಕರ್ನಾಟಕದಲ್ಲಿ ಮಂಗಗಳನ್ನು ಬೇರೆ ಬಗೆಯಲ್ಲಿ ನೋಡಲಾಗುತ್ತಿತ್ತು. ಅಮೆರಿಕದ ಪಾಲ್ ಸೈಮಂಡ್ಸ್ 1960ರ ದಶಕದ ಆರಂಭದಲ್ಲಿ ಮೈಸೂರು ಕಡೆಯ ಸೋಮನಾಥಪುರದ ಸುತ್ತ ಮಂಗಗಳ ಹಿಂದೆ ತಿರುಗಿದರು. ಜಪಾನಿನ ಯುಕಿಮಾರು ಸುಗಿಯಾಮ 1961ರಿಂದ 1963ರವರೆಗೆ ಧಾರವಾಡದ ಕಾಡಿನಲ್ಲಿ ಮುಸುವಗಳನ್ನು ಗಮನಿಸಿದರು. ಹೊರಗಿನ ಗಂಡುಗಳು ಬಂದು ಹಳೆಯ ಯಜಮಾನನನ್ನು ಓಡಿಸುವುದು, ಗುಂಪು ಕೈಬದಲಾದ ಮೇಲೆ ಹಾಲೂಡುವ ಮರಿಗಳು ಸಾಯುವುದು ಅವರ ಕಣ್ಣಿಗೆ ಬಿತ್ತು. ಆಮೇಲೆ ಜಗತ್ತಿನಾದ್ಯಂತ ಚರ್ಚೆಯಾದ ಶಿಶುಹತ್ಯೆಯ ಪ್ರಶ್ನೆ ಶುರುವಾದದ್ದು ಧಾರವಾಡದ ಆ ಟಿಪ್ಪಣಿಗಳಿಂದ. ಅವರು ರಕ್ತ ತೆಗೆಯಲಿಲ್ಲ, ಅವರ ಬಳಿ ಹಾರ್ಮೋನಿನ ಅಂಕಿ ಇರಲಿಲ್ಲ. ಆದರೆ ಮಂಗದ ಬದುಕಿನಲ್ಲಿ ನಾಳೆ ಎಂಬುದು ಎಷ್ಟು ಬೇಗ ತಲೆಕೆಳಗಾಗಬಲ್ಲದು ಎಂಬುದು ಆ ದಾಖಲೆಯಲ್ಲಿತ್ತು.

ಅಂಕಿಗಳ ಕೆಲಸ ಬೆಂಗಳೂರಿನಲ್ಲಿ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಮತ್ತು ಸಂಗಡಿಗರು ದಕ್ಷಿಣದ ಟೋಪಿ ಮಂಗಗಳನ್ನಿಟ್ಟುಕೊಂಡು ಸಂತಾನೋತ್ಪತ್ತಿಯ ಹಾರ್ಮೋನುಗಳನ್ನು ಅಭ್ಯಾಸ ಮಾಡುತ್ತಿದ್ದರು. ನೆತ್ತಿಯ ಕೂದಲು ಬೈತಲೆ ತೆಗೆದು ಟೋಪಿ ಹಾಕಿದಂತೆ ಹರಡಿಕೊಂಡಿರುವ, ನಮ್ಮ ಗುಡಿ, ಸಂತೆ, ಬಸ್ ನಿಲ್ದಾಣಗಳಲ್ಲಿ ಕಾಣುವ ಮಂಗ ಅದೇ. 1976ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅವರ ಪ್ರಬಂಧದ ವಿಷಯ, ಗಂಡು ಟೋಪಿ ಮಂಗದ ರಕ್ತದಲ್ಲಿ ಹಗಲಿರುಳು ಏರಿಳಿಯುವ ಟೆಸ್ಟೋಸ್ಟಿರೋನ್ ಮತ್ತು ಅದರ ಮೇಲೆ ಎಡೆಬಿಡದ ಬೆಳಕಿನ ಪರಿಣಾಮ. ಟೆಸ್ಟೋಸ್ಟಿರೋನ್ ಒತ್ತಡದ ಹಾರ್ಮೋನಲ್ಲ. ಆದರೆ ಪಾಠ ಒಂದೇ. ಈ ಮಂಗದಲ್ಲಿ ಅದು ರಾತ್ರಿ ಹತ್ತರ ಹೊತ್ತಿಗೆ ಹೆಚ್ಚು, ಹಗಲು ಕಡಿಮೆ. ಹಗಲು ತೆಗೆದ ರಕ್ತವನ್ನಷ್ಟೇ ನೋಡಿದವನಿಗೆ ಪ್ರಾಣಿಯ ಅರ್ಧ ಬದುಕು ತಪ್ಪಿಹೋಗುತ್ತದೆ. ಯಾವ ಹೊತ್ತಿನ ರಕ್ತ ಎಂದು ಹೇಳದ ಅಂಕಿಗೆ ಅರ್ಥವಿಲ್ಲ.

*

ಇದೇ ಟೋಪಿ ಮಂಗದ ಇನ್ನೊಂದು ಕಥೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದೆ. ಜಗತ್ತಿನಲ್ಲಿ ದಕ್ಷಿಣ ಭಾರತ ಬಿಟ್ಟರೆ ಈ ಮಂಗ ಬೇರೆಲ್ಲೂ ಸಹಜವಾಗಿ ಇಲ್ಲ. ಅಂದರೆ ಅಲ್ಲಿ ಇದ್ದ ಪ್ರತಿಯೊಂದರ ಅಜ್ಜಿಯೋ ಮುತ್ತಜ್ಜಿಯೋ ನಮ್ಮ ಕಡೆಯ ಮರದಿಂದಲೇ ಹೋದವಳು. 1960ರ ದಶಕದಲ್ಲಿ ಲೆನರ್ಡ್ ರೋಸನ್‌ಬ್ಲಮ್ ಮತ್ತು ಚಾರ್ಲ್ಸ್ ಕೌಫ್‌ಮನ್ ಮರಿಗಳನ್ನು ತಾಯಿಯಿಂದ ಅಗಲಿಸಿ ಏನಾಗುತ್ತದೆ ಎಂದು ನೋಡುತ್ತಿದ್ದರು. ಆಗ್ನೇಯ ಏಷ್ಯಾದ ಹಂದಿಬಾಲದ ಮಂಗದ ಮರಿಗಳು ಮುದುಡಿ ಕುಳಿತು ಖಿನ್ನವಾದವು. ಟೋಪಿ ಮಂಗದ ಮರಿಗಳು ಹಾಗೆ ಆಗಲಿಲ್ಲ. ಗುಂಪಿನ ಬೇರೆ ಹೆಣ್ಣುಗಳು ಅವನ್ನು ಎತ್ತಿ ಎದೆಗವಚಿಕೊಂಡವು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅಲ್ಲಿ ಚಿಕ್ಕಮ್ಮ ದೊಡ್ಡಮ್ಮಂದಿರಿದ್ದರು.

ಮುಂದೆ 1980ರ ದಶಕದಲ್ಲಿ ರೋಸನ್‌ಬ್ಲಮ್ ಇನ್ನೊಂದು ಪ್ರಯೋಗ ಹೂಡಿದರು. ಮರಿಯುಳ್ಳ ತಾಯಂದಿರ ಮೂರು ಗುಂಪು. ಮೊದಲನೆಯದಕ್ಕೆ ಆಹಾರ ಸುಲಭವಾಗಿ ಸಿಗುತ್ತಿತ್ತು. ಎರಡನೆಯದಕ್ಕೆ ಪ್ರತಿದಿನವೂ ಕಷ್ಟಪಟ್ಟು ಕೆದಕಿ ಹುಡುಕಿದರೆ ಮಾತ್ರ. ಮೂರನೆಯದಕ್ಕೆ ಎರಡು ವಾರ ಸುಲಭ, ಎರಡು ವಾರ ಕಷ್ಟ, ಹೀಗೆ ಬದಲಾಗುತ್ತಲೇ ಇತ್ತು. ಯಾರೂ ಉಪವಾಸ ಬೀಳಲಿಲ್ಲ; ದಿನಕ್ಕೆ ಬೇಕಾದಷ್ಟು ಎಲ್ಲರಿಗೂ ಸಿಗುತ್ತಿತ್ತು. ಬಳಲಿದ್ದು ಮೂರನೆಯ ಗುಂಪು. ತಾಯಂದಿರು ಮರಿಗಳತ್ತ ನೆಟ್ಟಗೆ ಗಮನ ಕೊಡಲಾರದಾದರು, ಮರಿಗಳು ಬೆದರುಪುಕ್ಕಲಾದವು. 1996ರಲ್ಲಿ ಜೆರೆಮಿ ಕೊಪ್ಲನ್, ರೋಸನ್‌ಬ್ಲಮ್ ಮತ್ತಿತರರು ದೊಡ್ಡವಾಗಿದ್ದ ಆ ಮರಿಗಳ ಮಿದುಳ ಬಳ್ಳಿಯ ದ್ರವವನ್ನು ಪರೀಕ್ಷಿಸಿದರು. ನಸುಕಿನ ಏರಿಕೆಯ ಮೊದಲ ಕೊಂಡಿಯಾದ, ಹೈಪೊಥಲಾಮಸ್ ಕಳಿಸುವ ಆ ಸಂದೇಶದ ರಾಸಾಯನಿಕ ಅವುಗಳಲ್ಲಿ ಹೆಚ್ಚಾಗಿತ್ತು. ಸುಲಭದಲ್ಲಿ ಬೆಳೆದವುಗಳಿಗಿಂತ ಹೆಚ್ಚು ಎಂದರೆ ಆಶ್ಚರ್ಯವಿಲ್ಲ. ದಿನವೂ ಕಷ್ಟಪಟ್ಟ ತಾಯಂದಿರ ಮಕ್ಕಳಿಗಿಂತಲೂ ಹೆಚ್ಚಾಗಿತ್ತು. ಕಷ್ಟದ ಪ್ರಮಾಣವಲ್ಲ, ಅದರ ಏರುಪೇರು ಮರಿಗಳ ಮೈಯಲ್ಲಿ ವರ್ಷಗಳವರೆಗೆ ಉಳಿದುಬಿಟ್ಟಿತ್ತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮದೇ ನೆಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಎಡದಂಡೆ ಕಾಲುವೆಯ ನೀರು ಹರಿದ ಗಂಗಾವತಿಯ ಬಯಲು ಭತ್ತದ ಕಣಜವಾಯಿತು. ಅಲ್ಲಿ ಕೆಲಸ ಕಡಿಮೆಯೇನಲ್ಲ. ನಾಟಿ, ಕಳೆ, ಕೊಯ್ಲು ಎಂದು ಬೆನ್ನು ಬಾಗಿಯೇ ಇರುತ್ತದೆ. ಆದರೆ ಕಾಲುವೆಗೆ ಯಾವಾಗ ನೀರು ಬಿಡುತ್ತಾರೆ ಎಂಬುದಕ್ಕೆ ಒಂದು ಲೆಕ್ಕವಿದೆ. ಕಾಲುವೆ ಮುಟ್ಟದ ಕನಕಗಿರಿ, ಕುಷ್ಟಗಿ, ಯಲಬುರ್ಗಾದ ಹೊಲಗಳಲ್ಲಿ ಸಜ್ಜೆ, ಜೋಳ, ತೊಗರಿ ಬಿತ್ತಿದವರು ಮುಗಿಲು ನೋಡುತ್ತಾರೆ. ಮೊದಲ ಮಳೆ ಬಂತೆಂದು ಬಿತ್ತಿ, ಎರಡನೆಯದು ಬಾರದೆ ಬೀಜ ಕಳಕೊಂಡು, ಸಾಲ ತಂದು ಮತ್ತೆ ಬಿತ್ತುವವರ ರಾತ್ರಿ ಹೇಗಿರುತ್ತದೆ ಎಂದು ಬ್ರೂಕ್ಲಿನ್‌ನ ಮೂರನೆಯ ಗುಂಪಿನ ತಾಯಂದಿರನ್ನು ಕೇಳಬಹುದು. ಮಂಗನ ಫಲಿತಾಂಶವನ್ನು ಮನುಷ್ಯನಿಗೆ ನೇರವಾಗಿ ಅಂಟಿಸುವುದು ತಪ್ಪು, ನಿಜ. ಆದರೂ ಬರವನ್ನು ಬರೀ ಮಳೆಯ ಮಿಲಿಮೀಟರಿನಲ್ಲಿ ಅಳೆಯುವ ನಮ್ಮ ರೂಢಿಯಲ್ಲಿ ಏನೋ ಒಂದು ಬಿಟ್ಟುಹೋಗಿದೆ ಎಂಬ ಅನುಮಾನವನ್ನು ಈ ಪ್ರಯೋಗ ಹುಟ್ಟಿಸುತ್ತದೆ.

*

ಪಂಜರದ ಮಂಗ ಎಷ್ಟಾದರೂ ಪಂಜರದ್ದೇ. ಸ್ವತಂತ್ರವಾಗಿ ಬದುಕುವ ಪ್ರಾಣಿಯಲ್ಲಿ ಈ ಲಯವನ್ನು ಅಳೆಯುವುದು ಹೇಗೆ? 1978ರಲ್ಲಿ ರಾಬರ್ಟ್ ಸಪೋಲ್ಸ್ಕಿ ಎಂಬ ಅಮೆರಿಕನ್ ಯುವಕ ಕೆನ್ಯಾದ ಬಯಲಿಗೆ ಹೋಗಿ ಬಬೂನುಗಳ ನಡುವೆ ಕುಳಿತ. ಊದುಗೊಳವೆಯಿಂದ ಅರಿವಳಿಕೆಯ ಸೂಜಿ ಹಾರಿಸಿ, ಪ್ರಾಣಿ ಮಲಗಿದ ಕೂಡಲೇ ರಕ್ತ ತೆಗೆಯುವುದು ಆತನ ವಿಧಾನ. ಹೇಳಲು ಸುಲಭ. ಆದರೆ ಮೇಸನ್‌ನ ಕುರ್ಚಿಯ ಪಾಠವನ್ನೂ ಗಡಿಯಾರದ ಪಾಠವನ್ನೂ ಒಟ್ಟಿಗೆ ಪಾಲಿಸಬೇಕಿತ್ತು. ಎಲ್ಲ ಪ್ರಾಣಿಗಳನ್ನೂ ದಿನದ ಒಂದೇ ಹೊತ್ತಿನಲ್ಲಿ ಹೊಡೆಯಬೇಕು. ಅದು ಆಗ ಕಾಯಿಲೆ ಬಿದ್ದಿರಬಾರದು, ಜಗಳವಾಡಿರಬಾರದು, ಕೂಡಿರಬಾರದು. ಮುಖ್ಯವಾಗಿ, ಸೂಜಿ ಬರುತ್ತದೆ ಎಂದು ಅದಕ್ಕೆ ಗೊತ್ತಾಗಿರಬಾರದು. ಗೊತ್ತಾದರೆ ಹಾರ್ಮೋನ್ ಏರಿ ಬೆಳಗಿನ ಸಹಜ ಮಟ್ಟ ಮುಚ್ಚಿಹೋಗುತ್ತದೆ. ಒಂದು ಹನಿ ನಿಜವಾದ ರಕ್ತಕ್ಕಾಗಿ ದಿನಗಟ್ಟಲೆ ಏನೂ ಮಾಡದವನ ಹಾಗೆ ನಟಿಸಬೇಕಿತ್ತು.

ಅಷ್ಟು ತಾಳ್ಮೆಯಿಂದ ಸಿಕ್ಕ ಉತ್ತರ ಹೀಗಿತ್ತು: ಗುಂಪಿನ ಅಂತಸ್ತು ಸ್ಥಿರವಾಗಿದ್ದಾಗ, ಏನೂ ನಡೆಯದ ಹೊತ್ತಿನಲ್ಲೂ ಕೆಳಗಿನ ಗಂಡುಗಳ ಹಾರ್ಮೋನ್ ಮೇಲಿನವುಗಳಿಗಿಂತ ಹೆಚ್ಚು. ಯಾವಾಗ ಯಾರು ಬಂದು ತಿನ್ನುವುದನ್ನು ಕಿತ್ತುಕೊಳ್ಳುತ್ತಾರೋ, ಯಾರ ಸಿಟ್ಟು ತನ್ನ ಮೇಲೆ ತೀರುತ್ತದೋ ಗೊತ್ತಿಲ್ಲದ ಬದುಕು ಅವುಗಳದು. ಅಂತಸ್ತೇ ಅಲುಗಾಡತೊಡಗಿದರೆ ಮೇಲಿನವುಗಳ ನೆಮ್ಮದಿಯೂ ಹೋಗುತ್ತದೆ. ಕೆನ್ಯಾದ ಅಂಬೋಸೆಲಿಯಲ್ಲಿ 125 ಗಂಡು ಬಬೂನುಗಳನ್ನು ಒಂಬತ್ತು ವರ್ಷ ಹಿಂಬಾಲಿಸಿದ ಅಧ್ಯಯನ 2011ರಲ್ಲಿ ಇನ್ನೊಂದು ಮಾತು ಸೇರಿಸಿತು: ಎಲ್ಲಕ್ಕಿಂತ ಮೇಲಿರುವ ಗಂಡಿನ ಒತ್ತಡದ ಹಾರ್ಮೋನ್ ಎರಡನೆಯ ಸ್ಥಾನದವನಿಗಿಂತ ಹೆಚ್ಚು. ಪಟ್ಟಕ್ಕೂ ಒಂದು ಬೆಲೆಯಿದೆ.

ಗಂಗಾವತಿ, ಆನೆಗೊಂದಿ ಸೀಮೆಯವರಿಗೆ ಇದು ಕೇಳಿದ ಕಥೆಯಂತೆ ಕಾಣುತ್ತದೆ. ಕಿಷ್ಕಿಂಧೆ ಇಲ್ಲಿಯದೇ ಎಂಬುದು ನಮ್ಮ ನಂಬಿಕೆ. ವಾಲಿಯಿಂದ ಓಡಿಸಿಕೊಂಡ ಸುಗ್ರೀವ ದಿಕ್ಕು ದಿಕ್ಕಿಗೂ ತಿರುಗಿ ಕೊನೆಗೆ ಋಷ್ಯಮೂಕದ ಮೇಲೆ ನಿಂತದ್ದು ಅಲ್ಲಿ ಸುಖ ಇತ್ತೆಂದಲ್ಲ. ಮತಂಗ ಋಷಿಯ ಶಾಪದಿಂದ ವಾಲಿ ಅಲ್ಲಿಗೆ ಬರಲಾರ ಎಂಬುದು ಖಚಿತವಾಗಿತ್ತು. ಹಾಗಿದ್ದೂ ಬಿಲ್ಲು ಹಿಡಿದ ಇಬ್ಬರು ದೂರದಲ್ಲಿ ಕಂಡ ಕೂಡಲೇ ಅವನ ಎದೆ ನಡುಗುತ್ತದೆ. ವಾಲಿಯೇ ಕಳಿಸಿದನೋ ಎಂದು ಹನುಮನನ್ನು ಅಟ್ಟುತ್ತಾನೆ. ಭಯದಲ್ಲಿ ಬಹುಕಾಲ ಬದುಕಿದವನ ಮೈ ಹೇಗೆ ವರ್ತಿಸುತ್ತದೆ ಎಂಬುದನ್ನು ಕವಿಗಳು ಹಾರ್ಮೋನಿನ ಹೆಸರಿಲ್ಲದೆ ಬರೆದಿಟ್ಟಿದ್ದರು.

*

1990ರ ದಶಕದಿಂದ ಈಚೆಗೆ ಸೂಜಿಯೂ ಬೇಡವಾಯಿತು. ರಕ್ತದಲ್ಲಿ ಹರಿದ ಹಾರ್ಮೋನಿನ ಅಳಿದುಳಿದ ಅಂಶ ಮೂತ್ರದಲ್ಲೂ ಮಲದಲ್ಲೂ ಹೊರಬೀಳುತ್ತದೆ. ಪ್ರಾಣಿಯನ್ನು ಮುಟ್ಟದೆ, ಅದು ಎದ್ದುಹೋದ ಮೇಲೆ ಎಲೆಯ ಮೇಲಿನಿಂದ ಬಳಿದುಕೊಂಡರೆ ಸಾಕು. ಉಗಾಂಡದ ಕಿಬಾಲೆ ಕಾಡಿನ ಚಿಂಪಾಂಜಿಗಳ ಮೂತ್ರವನ್ನು ಹೀಗೆ ಸಂಗ್ರಹಿಸಿ ಮಾರ್ಟಿನ್ ಮುಲ್ಲರ್ ಮತ್ತು ಸೂಸನ್ ಲಿಪ್ಸನ್ 2003ರಲ್ಲಿ ಬರೆದರು: ಬೆಳಿಗ್ಗೆ ಹೆಚ್ಚು, ದಿನ ಕಳೆದಂತೆ ಕಡಿಮೆ. ಪಿಂಕಸ್‌ನ ಯುವಕರಲ್ಲಿ ಕಂಡದ್ದಕ್ಕೆ ಹತ್ತಿರದ ರೇಖೆ ಅರವತ್ತು ವರ್ಷಗಳ ಮೇಲೆ ಕಾಡಿನಲ್ಲೂ ಕಂಡಿತು. ಮಲದಲ್ಲಿ ಮಾತ್ರ ಲೆಕ್ಕ ಸೂಕ್ಷ್ಮ. ಕರುಳಿನಲ್ಲಿ ಆಹಾರ ಬಹುಹೊತ್ತು ನಿಲ್ಲುವ ಪ್ರಾಣಿಗಳಲ್ಲಿ ಬೆಳಗಿನ ಏರು, ಸಂಜೆಯ ಇಳಿತ ಎರಡೂ ಬೆರೆತು ಒಂದು ಸರಾಸರಿಯಾಗುತ್ತವೆ. ಅಂಗೈಯಷ್ಟಿರುವ ಮಾರ್ಮೊಸೆಟ್ ಮಂಗಗಳಲ್ಲಿ ಮಾತ್ರ ಮಲದಲ್ಲೂ ದಿನದ ಏರಿಳಿತ ಕಾಣುತ್ತದೆಂದು 1998ರಲ್ಲೇ ತಿಳಿದಿತ್ತು. ಹೀಗಾಗಿ ವಿಧಾನ ಬದಲಾದರೂ ಹಳೆಯ ಪ್ರಶ್ನೆ ಬದಲಾಗಲಿಲ್ಲ: ಇದು ಯಾವ ಹೊತ್ತಿನ ಅಂಕಿ?

ಅತ್ಯಂತ ಚಿಕ್ಕದೂ ಚೊಕ್ಕದೂ ಆದ ಉತ್ತರ ಸಿಕ್ಕಿದ್ದು ಮಂಗದಿಂದಲ್ಲ, ಅದರ ನೆಂಟನಾದ ಮನುಷ್ಯನಿಂದ. 1999ರಲ್ಲಿ ಜರ್ಮನಿಯ ಲ್ಯೂಬೆಕ್‌ನಲ್ಲಿ ಯಾನ್ ಬಾರ್ನ್ ಮತ್ತು ಸಂಗಡಿಗರು ಸ್ವಯಂಸೇವಕರನ್ನು ಮಲಗಿಸಿದರು. ಬೆಳಿಗ್ಗೆ ಆರಕ್ಕೆ ಎಬ್ಬಿಸುತ್ತೇವೆ ಎಂದು ಹೇಳಿಸಿಕೊಂಡು ಮಲಗಿದ ರಾತ್ರಿ, ಆರಕ್ಕೆ ಸುಮಾರು ಒಂದು ಗಂಟೆ ಮುಂಚಿನಿಂದ ಅವರ ಪಿಟ್ಯುಟರಿಯ ಸಂದೇಶ ರಕ್ತದಲ್ಲಿ ಏರತೊಡಗಿತು. ಒಂಬತ್ತಕ್ಕೆ ಎಬ್ಬಿಸುತ್ತೇವೆ ಎಂದು ಹೇಳಿ ಆರಕ್ಕೇ ತಟ್ಟನೆ ಎಬ್ಬಿಸಿದ ರಾತ್ರಿ ಆ ಮುಂಗಡ ತಯಾರಿ ಇರಲಿಲ್ಲ. ಗಾಢ ನಿದ್ದೆಯಲ್ಲೂ ಮೈ ಕೇಳಿಸಿಕೊಂಡ ಮಾತನ್ನು ನಂಬಿ ಅಣಿಯಾಗುತ್ತಿತ್ತು. ನಾಳೆ ಬೇಗ ಏಳಬೇಕು ಎಂದುಕೊಂಡು ಮಲಗಿದವರು ಅಲಾರಂಗೆ ಮುಂಚೆ ಕಣ್ಣುಬಿಡುವುದಕ್ಕೆ ನಮ್ಮ ಹಿರಿಯರು ದೇವರ ಹೆಸರು ಹೇಳುತ್ತಿದ್ದರು.

*

ಇಷ್ಟು ಚರಿತ್ರೆಯನ್ನು ಹಿಡಿದುಕೊಂಡು ಮತ್ತೆ ನಮ್ಮ ಮಂಗಗಳ ಬಳಿ ಬಂದರೆ ಕಾಣುವುದೇನು? ಅಂಜನಾದ್ರಿಯ 575 ಮೆಟ್ಟಿಲು ಹತ್ತುವವರು ಬಾಳೆಹಣ್ಣು, ಕಾಯಿಚೂರು, ಬಿಸ್ಕತ್ತು ಕೊಡುತ್ತಾರೆ. ಶನಿವಾರ, ಹಬ್ಬ, ರಜೆ ಎಂದರೆ ಸುಗ್ಗಿ. ನಡುವಿನ ದಿನಗಳಲ್ಲಿ ಅಷ್ಟಿಲ್ಲ. ವಾಲ್ಟರ್ ರೀಡ್‌ನ ಮಂಗಗಳಿಗೆ ಭಾನುವಾರ ಬಿಡುವು ತಂದರೆ ಇಲ್ಲಿ ಶನಿವಾರ ಜಾತ್ರೆ ತರುತ್ತದೆ. ಬೆಳಕಿನಂತೆಯೇ ಊಟದ ಹೊತ್ತೂ ಮಂಗದ ಒಳಗಡಿಯಾರವನ್ನು ಹೊಂದಿಸಬಲ್ಲದು ಎಂಬುದನ್ನು ಹಾರ್ವರ್ಡ್‌ನ ಸಲ್ಜ್‌ಮನ್, ಫುಲ್ಲರ್ ಮತ್ತು ಮೂರ್-ಈಡ್ 1977ರಲ್ಲೇ ಅಳಿಲು ಮಂಗಗಳಲ್ಲಿ ತೋರಿಸಿದ್ದರು. ನಮ್ಮ ಕೈತುತ್ತು ಪುಣ್ಯವಷ್ಟೇ ಅಲ್ಲ, ಅದು ಅವುಗಳ ದಿನವನ್ನು ತಿದ್ದುವ ಕೈಯೂ ಹೌದು.

ರಸ್ತೆ ಬದಿಯ ಕಥೆ ಇನ್ನೂ ಕಠಿಣ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಸಂಗಡಿಗರು 1989ರಿಂದ 2009ರವರೆಗೆ ಮೈಸೂರು ಕಡೆಯ ಹೆದ್ದಾರಿಗಳ ಟೋಪಿ ಮಂಗಗಳನ್ನು ಎಣಿಸುತ್ತ ಬಂದರು. ಅಷ್ಟರಲ್ಲಿ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಕುಸಿದಿತ್ತು. ರಸ್ತೆ ಅಗಲವಾದಂತೆ ಆಲ, ಅತ್ತಿಯ ಸಾಲುಮರಗಳು ಹೋಗಿದ್ದವು. ಮರ ಹೋದ ಮಂಗ ಮನೆಯ ಮಾಳಿಗೆಗೆ, ಶೇಂಗಾದ ಹೊಲಕ್ಕೆ ಬರುತ್ತದೆ. ಬೆಳೆ ಕಳಕೊಂಡವರ ಸಿಟ್ಟು ಸುಳ್ಳಲ್ಲ. ಅವರಿಗೂ ನಾಳೆಯ ಲೆಕ್ಕ ತಪ್ಪಿರುತ್ತದೆ. ಕೊನೆಗೆ ಬೋನು ತಂದು ಗುಂಪಿನಲ್ಲಿ ಸಿಕ್ಕಷ್ಟನ್ನು ಹಿಡಿದು ದೂರದ ಗುಡ್ಡದಲ್ಲಿ ಬಿಟ್ಟುಬರುವುದು ಹಲವು ಊರುಗಳ ರೂಢಿ. ಊರಿನ ಲೆಕ್ಕದಲ್ಲಿ ಸಮಸ್ಯೆ ಮುಗಿಯಿತು. ಮಂಗದ ಲೆಕ್ಕದಲ್ಲಿ ಗುಂಪು ಒಡೆಯಿತು, ಚಿಕ್ಕಮ್ಮಂದಿರು ಅತ್ತ ಮರಿಗಳು ಇತ್ತ ಆದವು, ನೀರು ಎಲ್ಲಿ, ಯಾವ ಮರ ಯಾವಾಗ ಹಣ್ಣುಬಿಡುತ್ತದೆ, ಆ ಗುಡ್ಡದ ಹಳೆಯ ಗುಂಪು ಯಾವ ಕಡೆಯಿಂದ ಬಂದು ಮೇಲೆರಗುತ್ತದೆ, ಯಾವುದೂ ಗೊತ್ತಿಲ್ಲ. ನಾಯಿಗೂ ಕಲ್ಲಿಗೂ ಅಂಜುವ ಮಂಗ ಮೊದಲಿದ್ದ ಊರನ್ನು ಬಲ್ಲದು. ಅಲ್ಲಿನ ಕಷ್ಟಕ್ಕೆ ಒಂದು ಹೊತ್ತಿತ್ತು.

ಬ್ರೂಕ್ಲಿನ್‌ನ ಪ್ರಯೋಗವನ್ನು ನೆನೆದರೆ ಮೂರನೆಯ ಗುಂಪನ್ನು ನಾವು ಇಲ್ಲಿ, ತೆರೆದ ಬಯಲಿನಲ್ಲಿ, ಯಾವ ಟಿಪ್ಪಣಿಯನ್ನೂ ಬರೆಯದೆ ಮತ್ತೆ ಮತ್ತೆ ಕಟ್ಟುತ್ತಿದ್ದೇವೆ ಅನ್ನಿಸುತ್ತದೆ. ಮಲದಿಂದ ಹಾರ್ಮೋನ್ ಅಳೆಯುವ ವಿದ್ಯೆ ಇಂದು ಭಾರತದ ಪ್ರಯೋಗಾಲಯಗಳಲ್ಲೇ ಇದೆ. ಬಿಟ್ಟುಬಂದ ಗುಂಪನ್ನು ಆರು ತಿಂಗಳು ಹಿಂಬಾಲಿಸಿ, ಹೊತ್ತು ಬರೆದುಕೊಂಡು, ನೋಡಿದ ಮೇಲೆ ಆ ರೂಢಿಯನ್ನು ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸಬಹುದು. ಸಾಲುಮರ ಕಡಿಯುವ ಮೊದಲು ಬದಲಿ ಅತ್ತಿ, ಆಲ ನೆಡಬಹುದು. ಗುಡಿಯ ಬಳಿ ಕೈತುತ್ತು ಕೊಡುವುದನ್ನು ಹದಕ್ಕೆ ತರಬಹುದು. ಇವು ಯಾವುವೂ ದೊಡ್ಡ ವೆಚ್ಚದ ಮಾತುಗಳಲ್ಲ.

ಟೋಪಿ ಮಂಗ ಈಗ ಅಪಾಯಕ್ಕೆ ಈಡಾಗಬಲ್ಲ ಪ್ರಭೇದಗಳ ಜಾಗತಿಕ ಪಟ್ಟಿಯಲ್ಲಿದೆ. ಮನೆಯಂಗಳದಲ್ಲಿ ದಿನವೂ ಕಾಣುವುದರಿಂದ ನಮಗೆ ಅದು ಕಡಿಮೆಯಾಗುತ್ತಿದೆ ಎಂದು ಅನ್ನಿಸುವುದೇ ಇಲ್ಲ. ನಾಳೆ ಹುಲಿಹೈದರದ ಹಾದಿಯಲ್ಲಿ ನಸುಕಿನ ಬಸ್ಸಿಗೆ ನಿಂತಾಗ ಮೇಲೆ ಟೊಂಗೆ ಅಲುಗಿದರೆ ಒಮ್ಮೆ ತಲೆಯೆತ್ತಿ ನೋಡಿ. ಬೆಳಕು ಇನ್ನೂ ಬಂದಿರುವುದಿಲ್ಲ. ಆದರೂ ಅದು ಬರುತ್ತದೆ, ಈ ಮರ ಇಲ್ಲೇ ಇರುತ್ತದೆ ಎಂದು ಎಣಿಸಿ ಆ ಜೀವ ಎರಡು ಮೂರು ತಾಸು ಮುಂಚೆಯೇ ಒಳಗೊಳಗೆ ಸಿದ್ಧವಾಗಿರುತ್ತದೆ.